ಮನೆ ಹಿಂದೆ ಕಟ್ಟಿಕೊಂಡು ಎಂಟು ದಿನ

ಹೊರಡುವ ಮೊದಲು

ಉಡುಪಿ ಹತ್ತಿರದ ಉದ್ಯಾವರದ ನಮ್ಮ ಮನೆಯಿಂದ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿಗೆ ಮೂರು ವಿಮಾನ. ಮಂಗಳೂರಿನ ಬಜಪೆಯಿಂದ ಬೆಂಗಳೂರು, ಅಲ್ಲಿಂದ ಸಿಂಗಾಪುರ, ಆಮೇಲೆ ಒಂದು ಇಡೀ ರಾತ್ರಿಯ ಹಾರಾಟ. ಅಕ್ಕನ ಮನೆಯಲ್ಲಿ ಹದಿನೈದು ದಿನ ಆರಾಮಾಗಿ ಕೂತು ಬರುವುದು ಅಂತ ನನ್ನ ಲೆಕ್ಕ. ಭಾವ ಫೋನಿನಲ್ಲೇ ಅದನ್ನು ಕೆಡಿಸಿದರು.

"ಕೂರ್ಲಿಕ್ಕೆ ಅಷ್ಟು ದೂರ ಬರುವುದಾ ಮಾರಾಯ? ಮನೆಯನ್ನೇ ಕಾರಿಗೆ ಕಟ್ಟಿಕೊಂಡು ಹೋಗುವ."

ಮನೆ ಅಂದರೆ ಅವರ ಕ್ಯಾರವಾನ್. ಹದಿನೆಂಟು ಅಡಿ ಉದ್ದ, ಎರಡು ಚಕ್ರ, ಒಳಗೆ ಒಲೆ, ಫ್ರಿಜ್ಜು, ಸಿಂಕು, ಕಪಾಟಿನಷ್ಟು ದೊಡ್ಡ ಬಚ್ಚಲು, ನಾಲ್ಕು ಜನ ಮಲಗುವ ಜಾಗ. ಎಂಜಿನ್ ಇಲ್ಲ. ಅವರ ಹೈಲಕ್ಸ್ ಕಾರು ಎಳೆಯಬೇಕು.

ನನ್ನ ಹೆಂಡತಿ ಹಪ್ಪಳ, ಉಪ್ಪಿನಕಾಯಿ, ಸಾರಿನ ಪುಡಿ, ಪುನರ್ಪುಳಿ ಸಿಪ್ಪೆ ಎಲ್ಲ ಕಟ್ಟಿದಳು. ಕ್ರೈಸ್ಟ್‌ಚರ್ಚಿನಲ್ಲಿ ಇಳಿದಾಗ ತಿನ್ನುವ ವಸ್ತು ಇದ್ದರೆ ಬರೆದು ಕೊಡಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ, ನಮ್ಮ ಇಪ್ಪತ್ತು ಸಾವಿರ ರೂಪಾಯಿ. ನಾವು ಒಂದೂ ಬಿಡದೆ ಬರೆದಿದ್ದೆವು. ಆಫೀಸರ್ ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿ ಬಿಟ್ಟರು. ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಮನೆಯಂಗಳದ ಕರಿಬೇವಿನ ಸೊಪ್ಪು ಮಾತ್ರ ಸೀದಾ ಡಬ್ಬಕ್ಕೆ ಹೋಯಿತು. ಆಮೇಲೆ ನನ್ನ ಬೂಟಿನ ಅಡಿ ನೋಡಿದರು. ತೋಟದ ಕೆಂಪು ಮಣ್ಣು ಅಂಟಿಕೊಂಡಿತ್ತು. ತೆಗೆದುಕೊಂಡು ಹೋಗಿ ತೊಳೆದು ತಂದುಕೊಟ್ಟರು. ಆ ಬೂಟು ಅಷ್ಟು ಚೊಕ್ಕ ಆದದ್ದು ಅದೇ ಮೊದಲು.

ದಿನ 1, ಮಾರ್ಚ್ 7: ಕ್ರೈಸ್ಟ್‌ಚರ್ಚ್‌ನಿಂದ ಟೆಕಪೊ

ಬೆಳಿಗ್ಗೆ ಮೊದಲ ಪಾಠ, ಕೊಂಡಿ ಹಾಕುವುದು. ಕಾರಿನ ಹಿಂದೆ 50 ಮಿಲಿಮೀಟರ್ ದಪ್ಪದ ಕಬ್ಬಿಣದ ಗುಂಡು. ಕ್ಯಾರವಾನಿನ ಮೂತಿ ಆ ಗುಂಡಿನ ಮೇಲೆ ಕೂರಬೇಕು, 'ಟಕ್' ಅಂತ ಶಬ್ದ ಬರಬೇಕು. ಶಬ್ದ ಬಂತು ಅಂತ ನಂಬಬಾರದು. ಮೂತಿಯ ಹತ್ತಿರದ ಚಿಕ್ಕ ಚಕ್ರವನ್ನು ತಿರುಗಿಸಿ ಸ್ವಲ್ಪ ಮೇಲೆತ್ತಿ ನೋಡಬೇಕು. ಕಾರಿನ ಹಿಂಭಾಗವೂ ಜೊತೆಗೆ ಎದ್ದರೆ ಸರಿ ಕೂತಿದೆ ಅಂತ. ಆಮೇಲೆ ಚೈನು, ಆಮೇಲೆ ಲೈಟಿನ ಪ್ಲಗ್ಗು.

ಅಕ್ಕನಿಗೆ ಇದೆಲ್ಲ ಬಾಯಿಪಾಠ. ಬಾಗಿಲಲ್ಲಿ ನಿಂತು ಮಗ್ಗಿ ಹೇಳಿದ ಹಾಗೆ ಹೇಳುತ್ತಾಳೆ: "ಕಿಟಕಿ, ಹ್ಯಾಚು, ಗ್ಯಾಸು, ಫ್ರಿಜ್ಜು, ಮೆಟ್ಟಿಲು, ಕಾಲು, ಚೈನು, ಲೈಟು." ಒಂದೊಂದಕ್ಕೂ ಭಾವ "ಆಯ್ತು" ಅನ್ನಬೇಕು. ಹ್ಯಾಚು ಅಂದರೆ ಮಾಡಿನ ಕಿಟಕಿ, ಕಾಲು ಅಂದರೆ ನಿಲ್ಲಿಸಿದಾಗ ನಾಲ್ಕು ಮೂಲೆಗೆ ಇಳಿಸುವ ಜಾಕು. ಆ ಪಟ್ಟಿಯಲ್ಲಿ ಕಪಾಟು ಇರಲಿಲ್ಲ. ಅದರ ಕಥೆ ಮೂರನೇ ದಿನಕ್ಕೆ.

ನಮ್ಮ ಹಾಗೆಯೇ ಇಲ್ಲಿಯೂ ಎಡಗಡೆ ಓಡಿಸುವುದು. ನಮ್ಮ ಡಿಎಲ್‌ನಲ್ಲಿ ಇಂಗ್ಲಿಷ್ ಇರುವುದರಿಂದ ಅದೇ ನಡೆಯುತ್ತದೆ. ಕಾರಿಗೆ 100 ಕಿಲೋಮೀಟರ್ ವೇಗ ಬಿಟ್ಟಿರುವ ರಸ್ತೆಯಲ್ಲೂ ಹಿಂದೆ ಏನಾದರೂ ಕಟ್ಟಿಕೊಂಡವರಿಗೆ 90 ಮಾತ್ರ. ಹಿಂದೆ ನಾಲ್ಕು ಕಾರು ಸೇರಿದರೆ ಜಾಗ ನೋಡಿ ಪಕ್ಕಕ್ಕೆ ನಿಂತು ಬಿಟ್ಟುಕೊಡಬೇಕು. ದಾಟಿ ಹೋಗುವವರು ಕೈಯೆತ್ತುತ್ತಾರೆ. ಹಾರ್ನ್ ಇಲ್ಲ. ಇಡೀ ದಿನ ನಾನು ಕೇಳಿದ ಹಾರ್ನ್ ಒಂದೇ, ಅದು ನಾನೇ ಅಭ್ಯಾಸಬಲದಿಂದ ತಿರುವಿನಲ್ಲಿ ಹೊಡೆದದ್ದು. ಭಾವ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ರಕಾಯಾ ನದಿಯ ಸೇತುವೆ ಸುಮಾರು ಒಂದೂಮುಕ್ಕಾಲು ಕಿಲೋಮೀಟರ್ ಉದ್ದ. ಕೆಳಗೆ ನೋಡಿದರೆ ನೀರು ಹತ್ತಾರು ಎಳೆಯಾಗಿ ಜಲ್ಲಿಕಲ್ಲಿನ ನಡುವೆ ಹರಿಯುತ್ತಿತ್ತು. ಜೆರಾಲ್ಡೀನ್, ಫೇರ್ಲಿ ದಾಟಿ ಬರ್ಕ್ಸ್ ಪಾಸ್ ಹತ್ತಿದ ಮೇಲೆ ಹಸಿರು ಮುಗಿದು ಒಣ ಹುಲ್ಲಿನ ಬಯಲು ಶುರು.

ಟೆಕಪೊದಲ್ಲಿ ಎರಡನೇ ಪಾಠ, ರಿವರ್ಸ್. ಜಾಗ ಎರಡು ಮರಗಳ ನಡುವೆ. "ನೀನೇ ಹಾಕು" ಅಂದರು ಭಾವ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಕ್ಯಾರವಾನಿನ ಹಿಂಭಾಗ ಬಲಕ್ಕೆ ಹೋಗುತ್ತದೆ. ಗೊತ್ತಿದ್ದೂ ಕೈ ಕೇಳುವುದಿಲ್ಲ. ಅಕ್ಕಪಕ್ಕದವರು ಮಡಚುವ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತಿದ್ದರು. ಕ್ಯಾಂಪಿನಲ್ಲಿ ಸಂಜೆಯ ಮನರಂಜನೆ ಅಂದರೆ ಹೊಸಬರ ರಿವರ್ಸ್ ನೋಡುವುದು ಅಂತ ಆಮೇಲೆ ತಿಳಿಯಿತು. ನಾಲ್ಕನೇ ಸಲ ಕ್ಯಾರವಾನ್ ಕಾರಿಗೆ ಅಡ್ಡವಾಗಿ ಮಡಚಿಕೊಂಡು ನಿಂತಿತು.

ನನಗೆ ಊರಿನ ಟಿಲ್ಲರ್ ನೆನಪಾಯಿತು. ಚಿಕ್ಕವನಿದ್ದಾಗ ನಮ್ಮಲ್ಲಿಗೆ ಗೊಬ್ಬರ ತರುತ್ತಿದ್ದ ಆಳು ಟಿಲ್ಲರಿನ ಟ್ರೈಲರನ್ನು ಕಟ್ಟಪುಣಿಯ, ಅಂದರೆ ಗದ್ದೆಯ ಬದುವಿನ, ಸಂದಿಯಲ್ಲಿ ಬೀಡಿ ಸೇದುತ್ತ ಹಿಂದಕ್ಕೆ ತರುತ್ತಿದ್ದ. ಅದರಲ್ಲಿ ವಿದ್ಯೆ ಉಂಟು ಅಂತ ಆಗ ಯಾರಿಗೆ ಗೊತ್ತಿತ್ತು?

"ಕೈಯನ್ನು ಸ್ಟಿಯರಿಂಗಿನ ಕೆಳಗೆ ಹಿಡಿ," ಅಂದರು ಭಾವ. "ಗಡಿಯಾರದ ಆರು ಗಂಟೆ ಇರ್ತದಲ್ಲ, ಅಲ್ಲಿ. ಈಗ ಕ್ಯಾರವಾನ್ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ದೂಡು. ತಲೆ ಓಡಿಸ್ಬೇಡ."

ಏಳನೇ ಸಲಕ್ಕೆ ಒಳಗೆ ಹೋಯಿತು. ಯಾರೋ ಚಪ್ಪಾಳೆ ತಟ್ಟಿದರು.

ರಾತ್ರಿ ಇನ್ನೊಂದು ಕೆಲಸ ಉಂಟು. ಊಟದ ಮೇಜೇ ನಮ್ಮಿಬ್ಬರ ಮಂಚ. ಮೇಜಿನ ಕಾಲು ಕಳಚಿ, ಹಲಗೆ ಇಳಿಸಿ, ಮೇಲೆ ಮೆತ್ತೆ ಜೋಡಿಸಬೇಕು. ಅಂದರೆ ಒಬ್ಬರ ಊಟ ಮುಗಿಯದೆ ಯಾರಿಗೂ ನಿದ್ದೆ ಇಲ್ಲ. ನಮ್ಮಲ್ಲಿ ಕೊನೆಗೆ ಏಳುವುದು ಯಾವಾಗಲೂ ನಾನೇ.

ದಿನ 2, ಮಾರ್ಚ್ 8: ಶಿವರಾತ್ರಿ

ಸರೋವರದ ಬಣ್ಣ ನೋಡಿ ನನ್ನ ಹೆಂಡತಿ "ಇದಕ್ಕೆ ನೀಲಿ ಹಾಕಿದ್ದಾರಾ?" ಅಂತ ಕೇಳಿದಳು. ಬಟ್ಟೆಗೆ ಹಾಕುವ ನೀಲಿಗೆ ಒಂದು ಚಮಚ ಹಾಲು ಸೇರಿಸಿದ ಹಾಗಿದೆ. ಹಿಮನದಿ ಕಲ್ಲನ್ನು ಉಜ್ಜಿ ಉಜ್ಜಿ ಹಿಟ್ಟು ಮಾಡುತ್ತದೆ. ಆ ನಯವಾದ ಹಿಟ್ಟು ಅಡಿಗೆ ಇಳಿಯದೆ ನೀರಿನಲ್ಲೇ ತೇಲಿಕೊಂಡಿರುತ್ತದೆ. ಬೆಳಕು ಅದಕ್ಕೆ ಬಡಿದು ಆ ಬಣ್ಣ. ದಡದಲ್ಲಿ 1935ರಲ್ಲಿ ಕಟ್ಟಿದ ಪುಟ್ಟ ಕಲ್ಲಿನ ಚರ್ಚು. ಅದರ ಫೋಟೋ ತೆಗೆಯಲು ಜಾತ್ರೆಯ ಹಾಗೆ ಜನ.

ಬೆಳಿಗ್ಗೆ ಭಾವ ಸೋಲಾರ್ ಹಲಗೆಯನ್ನು ಹೊರಗೆ ಇಡಲು ಹೇಳಿದರು. ನಾನು ನಮ್ಮ ಮನೆಯ ಮಾಡಿನ ಸೋಲಾರಿನ ಹಾಗೆ ದಕ್ಷಿಣಕ್ಕೆ ಮುಖ ಮಾಡಿ ಇಟ್ಟೆ. ಅವರು ಏನೂ ಹೇಳದೆ ತಿರುಗಿಸಿ ಉತ್ತರಕ್ಕೆ ಇಟ್ಟರು. ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿ! ಎರಡು ದಿನ ನನಗೆ ದಿಕ್ಕು ತಪ್ಪಿದ್ದು ಇದರಿಂದಲೇ ಇರಬೇಕು.

ಅಕ್ಕನಿಗೆ ಉಪವಾಸ. ಸಂಜೆ ನಾಳೆಗಾಗಿ ಅಕ್ಕಿ, ಉದ್ದು ರುಬ್ಬಿದಳು. ಕ್ಯಾಂಪಿನಲ್ಲಿ ಕರೆಂಟು ಸಿಗುತ್ತದೆ, ನಮ್ಮ ಹಾಗೆ 230 ವೋಲ್ಟೇ, ಆದ್ದರಿಂದ ಊರಿನ ಮಿಕ್ಸಿ ಓಡುತ್ತದೆ. ಆದರೆ ಆ ಮೌನದಲ್ಲಿ ಮಿಕ್ಸಿಯ ಶಬ್ದ ಅಂದರೆ ಎಂತ ಹೇಳುವುದು! ಪಕ್ಕದ ಅಜ್ಜ ಓಡಿ ಬಂದು, ನಿಮ್ಮ ನೀರಿನ ಪಂಪು ಹಾಳಾಯಿತಾ, ನನ್ನ ಹತ್ತಿರ ಸ್ಪ್ಯಾನರ್ ಉಂಟು ಅಂದರು. ಅಕ್ಕ ಅವರಿಗೆ ಹಿಟ್ಟು ತೋರಿಸಿದಳು. ಅವರು ಮೂಸಿ ನೋಡಿ ಗಂಭೀರವಾಗಿ ತಲೆಯಾಡಿಸಿ ಹೋದರು.

ರಾತ್ರಿ ಹತ್ತೂವರೆಗೆ ನಾಲ್ವರೂ ಕಂಬಳಿ ಹೊದ್ದು ಹೊರಗೆ ಕೂತೆವು. ಉಡುಪಿಯಲ್ಲಿ ಆಗ ಮಧ್ಯಾಹ್ನ ಮೂರು. ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳಲ್ಲಿ ಜನವೋ ಜನ ಅಂತ ಅತ್ತೆ ಫೋನಿನಲ್ಲಿ ಹೇಳಿದರು. ಇಲ್ಲಿ ನಾಲ್ಕೇ ಜನ, ಜಾಗರಣೆಗೆ ಬೇಕಾದ ಕತ್ತಲೆ ಮಾತ್ರ ಬೇಕಾದಷ್ಟು. ಮೌಂಟ್ ಜಾನ್ ಗುಡ್ಡದ ಮೇಲೆ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ವೀಕ್ಷಣಾಲಯ ಇದೆ. ಅದಕ್ಕಾಗಿಯೇ ಊರಿನ ದೀಪಗಳಿಗೆಲ್ಲ ಮುಚ್ಚಳ, ಬೆಳಕು ಮೇಲೆ ಹೋಗಬಾರದು. 2012ರಲ್ಲಿ ಸುತ್ತಲಿನ 4,300ಕ್ಕೂ ಜಾಸ್ತಿ ಚದರ ಕಿಲೋಮೀಟರ್ ಜಾಗವನ್ನು ಕತ್ತಲೆಯ ಆಕಾಶಕ್ಕೆ ಅಂತಲೇ ಮೀಸಲಿಟ್ಟಿದ್ದಾರೆ. ಕತ್ತಲೆಯನ್ನೂ ಕಾಪಾಡಬೇಕು ಅಂತ ನಾನು ಅದುವರೆಗೆ ಯೋಚಿಸಿರಲಿಲ್ಲ.

ಮಹಾವ್ಯಾಧ, ಅಂದರೆ ಓರಿಯನ್ ನಕ್ಷತ್ರಪುಂಜ, ತಲೆಕೆಳಗಾಗಿ ನಿಂತಿದ್ದ. ನಮ್ಮ ಅಂಗಳದಲ್ಲಿ ಅವನ ಖಡ್ಗ ಕೆಳಗೆ ನೇತಾಡುತ್ತದೆ, ಇಲ್ಲಿ ಮೇಲಕ್ಕೆ. ಬೇಸಿಗೆಯಲ್ಲಿ ಉದ್ಯಾವರದ ತೆಂಗಿನ ಮರಗಳ ಸಂದಿಯಲ್ಲಿ ತಗ್ಗಿನಲ್ಲಿ ಹುಡುಕಬೇಕಾದ ತ್ರಿಶಂಕು ಇಲ್ಲಿ ಮೇಲೇರಿ ಕೂತಿದ್ದ. ಇನ್ನೊಂದು ಕಡೆ ಎರಡು ಬಿಳಿ ಮೋಡದ ತುಂಡು. ಗಂಟೆಯಾದರೂ ಚದುರಲಿಲ್ಲ. ಅವು ಮೋಡ ಅಲ್ಲ, ಬೇರೆಯೇ ಗ್ಯಾಲಕ್ಸಿಗಳು ಅಂತ ಭಾವ ಹೇಳಿದ ಮೇಲೆ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹನ್ನೆರಡಕ್ಕೆ ಚಳಿ ತಡೆಯದೆ ಒಳಗೆ ಹೋದೆವು. ಅಕ್ಕ ಒಬ್ಬಳೇ ಎರಡು ಗಂಟೆಯವರೆಗೆ ಕೂತಿದ್ದಳಂತೆ.

ದಿನ 3, ಮಾರ್ಚ್ 9: ಗಾಳಿ ಮತ್ತು ಹಿಟ್ಟು

ಬೆಳಿಗ್ಗೆ ಹಿಟ್ಟು ಹೇಗೆ ಇಟ್ಟಿದ್ದೆವೋ ಹಾಗೆಯೇ ಇತ್ತು. ಒಂದು ಗುಳ್ಳೆ ಇಲ್ಲ. ಅಂಥ ಚಳಿಯಲ್ಲಿ ಹುಳಿ ಬರುವುದಾದರೂ ಹೇಗೆ? ಬ್ರೆಡ್ಡು ತಿಂದೆವು. ಅಕ್ಕ ಹಿಟ್ಟಿನ ಪಾತ್ರೆಯನ್ನು ಬಿಸಿನೀರಿನ ಟ್ಯಾಂಕಿರುವ ಕಪಾಟಿನೊಳಗೆ ಬೆಚ್ಚಗೆ ಇಟ್ಟಳು. "ಕಿಟಕಿ, ಹ್ಯಾಚು, ಗ್ಯಾಸು..." ಹೊರಟೆವು. ಸ್ಟಿಯರಿಂಗ್ ನನ್ನ ಕೈಯಲ್ಲಿ.

ಪುಕಾಕಿ ಸರೋವರ ಹತ್ತಿರ ಬರುವಾಗ ವಾಯವ್ಯದಿಂದ ಗಾಳಿ ಶುರುವಾಯಿತು. ಬೆಟ್ಟ ದಾಟಿ ಬರುವ ಒಣ ಗಾಳಿ, ಈ ಬಯಲಿಗೆ ಹೆಸರುವಾಸಿ. ಎದುರಿನಿಂದ ಒಂದು ದೊಡ್ಡ ಲಾರಿ ಹಾದುಹೋಯಿತು ನೋಡಿ, ಹಿಂದೆ ಯಾರೋ ಕಾರಿನ ಬಾಲ ಹಿಡಿದು ಅಲ್ಲಾಡಿಸಿದ ಹಾಗೆ ಆಯಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಪ್ರತಿ ಸಲ ಸ್ವಲ್ಪ ಜಾಸ್ತಿ. ಕನ್ನಡಿಯಲ್ಲಿ ಕ್ಯಾರವಾನಿನ ಒಂದು ಮಗ್ಗುಲು ಕಾಣುತ್ತದೆ, ಮಾಯ ಆಗುತ್ತದೆ, ಆ ಕಡೆಯ ಕನ್ನಡಿಯಲ್ಲಿ ಕಾಣುತ್ತದೆ. ನನ್ನ ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು.

"ಬ್ರೇಕ್ ಬೇಡ! ಆಕ್ಸಿಲೇಟರ್ ಬಿಡು. ಸ್ಟಿಯರಿಂಗ್ ಸೀದಾ ಹಿಡಿ. ತಿರುಗಿಸ್ಬೇಡ." ಭಾವನ ದನಿ ಏರಲಿಲ್ಲ. ಹಿಂದಿನ ಸೀಟಿನಿಂದ "ಕೃಷ್ಣ ಕೃಷ್ಣ" ಅಂತ ಕೇಳಿಸಿತು. ವೇಗ 60ಕ್ಕೆ ಇಳಿದಾಗ ಅಲ್ಲಾಟ ನಿಂತಿತು. ಮುಂದಿನ ನೋಟದ ಜಾಗದಲ್ಲಿ ನಿಲ್ಲಿಸಿದೆ. ಕೈ ನಡುಗುತ್ತಿತ್ತು.

ಭಾವ ಹಿಂದೆ ಹೋಗಿ ಹಾಸಿಗೆ ಎತ್ತಿ ನೋಡಿದರು. ಬೆಳಿಗ್ಗೆ ಸಾಮಾನು ತುಂಬಿಸಿದ್ದು ನಾನು. ಜಾಗ ಉಂಟಲ್ಲ ಅಂತ ಅಕ್ಕಿಯ ಚೀಲ, ಮಿಕ್ಸಿ, ನಾಲ್ಕು ಕುರ್ಚಿ, ತುಂಬಿದ ಎರಡು ನೀರಿನ ಕ್ಯಾನು ಎಲ್ಲ ತೀರಾ ಹಿಂದಕ್ಕೆ ಹಾಕಿದ್ದೆ. ಹಿಂದೆ ಭಾರ ಜಾಸ್ತಿ ಆದರೆ ಮೂತಿ ಹಗುರ ಆಗುತ್ತದೆ, ಬಾಲ ಆಡಲು ಶುರುಮಾಡುತ್ತದೆ. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲಿನಷ್ಟಾದರೂ ಕಾರಿನ ಆ ಗುಂಡಿನ ಮೇಲೆ ಇರಬೇಕಂತೆ. ಭಾರದ್ದೆಲ್ಲ ಚಕ್ರದ ಮೇಲೆ, ನಡುವಿಗೆ. ಇದನ್ನು ನಿನ್ನೆಯೇ ಹೇಳಬಹುದಿತ್ತಲ್ಲ ಅಂತ ನನಗೆ ಅನಿಸಿತು. ಬಾಯಿಬಿಡಲಿಲ್ಲ.

ಚಾ ಮಾಡುವ ಅಂತ ನನ್ನ ಹೆಂಡತಿ ಕ್ಯಾರವಾನಿನ ಬಾಗಿಲು ತೆಗೆದಳು. ಹುಳಿ ವಾಸನೆ. ಕಪಾಟಿನ ಚಿಲಕ ಅಲ್ಲಾಟಕ್ಕೆ ಕಳಚಿ, ಪಾತ್ರೆ ಉರುಳಿ, ಹಿಟ್ಟು ಬಾಗಿಲಿನಿಂದ ಬಚ್ಚಲಿನವರೆಗೆ ಹರಡಿತ್ತು. ಭಾವನ ಒಂದು ಚಪ್ಪಲಿ ಅದರ ನಡುವೆ ದ್ವೀಪದ ಹಾಗೆ. ಹಿಟ್ಟಿನ ತುಂಬಾ ಸಣ್ಣ ಸಣ್ಣ ಗುಳ್ಳೆ.

ಅಕ್ಕ ಬಗ್ಗಿ ನೋಡಿ, "ಈಗ ಹುಳಿ ಬಂದಿದೆ" ಅಂದಳು.

ಎದುರಿಗೆ ಸರೋವರದ ತುದಿಯಲ್ಲಿ 3,724 ಮೀಟರಿನ ಆಓರಾಕಿ, ಅಂದರೆ ಮೌಂಟ್ ಕುಕ್, ಬೆಳ್ಳಗೆ ನಿಂತಿತ್ತು. ಬಸ್ಸಿನಲ್ಲಿ ಬಂದವರೆಲ್ಲ ಅದರ ಫೋಟೋ ತೆಗೆಯುತ್ತಿದ್ದರು. ನಾವು ನಾಲ್ವರು ಅದಕ್ಕೆ ಬೆನ್ನು ಹಾಕಿ ಮಂಡಿಯೂರಿ ಉದ್ದಿನ ಹಿಟ್ಟು ಕೆರೆಯುತ್ತಿದ್ದೆವು. ಒಣಗಿದ ಉದ್ದು ಗೋಂದಿಗಿಂತ ಕಡೆ. ಮೆಟ್ಟಿಲಿನ ಸಂದಿಯಲ್ಲಿ ಈಗಲೂ ಸ್ವಲ್ಪ ಇದ್ದೀತು.

ಅಂದಿನಿಂದ ಅಕ್ಕನ ಮಗ್ಗಿ ಉದ್ದ ಆಯಿತು: "...ಫ್ರಿಜ್ಜು, ಕಪಾಟು, ಮೆಟ್ಟಿಲು..."

ರಾತ್ರಿ ವೈಟ್ ಹಾರ್ಸ್ ಹಿಲ್‌ನಲ್ಲಿ. ಸರ್ಕಾರದ ಕ್ಯಾಂಪು, ಕರೆಂಟು ಇಲ್ಲ.

ದಿನ 4, ಮಾರ್ಚ್ 10: ನಡಿಗೆ

ಹೂಕರ್ ಕಣಿವೆಗೆ ನಡೆದು ಹೋದೆವು. ಹೋಗಿ ಬರಲು 10 ಕಿಲೋಮೀಟರ್, ನಡುವೆ ಮೂರು ತೂಗುಸೇತುವೆ. ಕೊನೆಯಲ್ಲಿ ಬೂದಿ ಬಣ್ಣದ ಸರೋವರ, ಅದರಲ್ಲಿ ತೇಲುವ ಮಂಜುಗಡ್ಡೆ, ಹಿಂದೆ ಬೆಟ್ಟ. ಎವರೆಸ್ಟ್ ಹತ್ತುವ ಮೊದಲು ಹಿಲರಿ ಪಳಗಿದ್ದು ಈ ಬೆಟ್ಟಗಳಲ್ಲಿ. 1991ರಲ್ಲಿ ಆಓರಾಕಿಯ ನೆತ್ತಿಯೇ ಕುಸಿದು ಕೆಳಗೆ ಬಂದಿತ್ತಂತೆ. ಬೆಟ್ಟವೂ ಗಿಡ್ಡ ಆಗುತ್ತದೆ ಅಂತ ಕೇಳಿ ನನ್ನ ಹೆಂಡತಿಗೆ ಯಾಕೋ ಸಮಾಧಾನ.

ಹಿಂದೆ ಬಂದಾಗ ಹಸಿರು ಬಣ್ಣದ ದೊಡ್ಡ ಗಿಳಿಯೊಂದು ಹೈಲಕ್ಸಿನ ವೈಪರ್ ಮೇಲೆ ಕೂತು ರಬ್ಬರ್ ಎಳೆಯುತ್ತಿತ್ತು. ಕಿಯಾ ಅಂತ ಅದರ ಹೆಸರು. ಓಡಿಸಲು ಹೋದರೆ ಹಾರುವುದಿಲ್ಲ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಮ್ಮನ್ನೇ ನೋಡುತ್ತದೆ. ರೆಕ್ಕೆ ಎತ್ತಿದಾಗ ಒಳಗೆಲ್ಲ ಕೇಸರಿ. ತಿಂಡಿ ಹಾಕಬಾರದು ಅಂತ ಬೋರ್ಡು ಇದೆ. ಅದಕ್ಕೆ ತಿಂಡಿ ಬೇಕಾಗಿಯೂ ಇರಲಿಲ್ಲ, ರಬ್ಬರೇ ಬೇಕಿತ್ತು.

ದಿನ 5, ಮಾರ್ಚ್ 11: ಡಬ್ಬದ ವಿಷಯ

ಪ್ರವಾಸ ಕಥನಗಳಲ್ಲಿ ಯಾರೂ ಇದನ್ನು ಬರೆಯುವುದಿಲ್ಲ, ಆದರೆ ಬರೆಯಲೇಬೇಕು. ಕ್ಯಾರವಾನಿನ ಶೌಚಾಲಯದ ಕೆಳಗೆ ಸೂಟ್‌ಕೇಸಿನಂಥ ಡಬ್ಬ ಇರುತ್ತದೆ. ಹೊರಗಿನಿಂದ ಚಿಕ್ಕ ಬಾಗಿಲು ತೆಗೆದು ಎಳೆಯಬೇಕು. ಅದಕ್ಕೂ ಚಕ್ರ ಉಂಟು, ಹಿಡಿ ಉಂಟು. ವಿಮಾನ ನಿಲ್ದಾಣದಲ್ಲಿ ಎಳೆದ ಹಾಗೆ ಎಳೆದುಕೊಂಡು ಟ್ವೈಜಲ್ ಊರಿನ ಡಂಪ್ ಸ್ಟೇಷನ್‌ಗೆ ಹೋಗಿ ಸುರಿಯಬೇಕು, ತೊಳೆಯಬೇಕು, ವಾಸನೆಗೆ ಔಷಧಿ ಹಾಕಬೇಕು. ಪಾತ್ರೆ ತೊಳೆದ ನೀರಿಗೂ ಬೇರೆ ಟ್ಯಾಂಕು, ಅದನ್ನೂ ಅಲ್ಲೇ ಬಿಡಬೇಕು. ರಸ್ತೆ ಬದಿಗೆ ಒಂದು ಹನಿ ಚೆಲ್ಲುವ ಹಾಗಿಲ್ಲ. 2023ರ ಕಾನೂನಿನ ಪ್ರಕಾರ ಶೌಚಾಲಯ ಗಾಡಿಗೇ ಜೋಡಿಸಿರದಿದ್ದರೆ ದಾರಿಬದಿಯ ಎಷ್ಟೋ ಜಾಗಗಳಲ್ಲಿ ರಾತ್ರಿ ತಂಗಲು ಬಿಡುವುದಿಲ್ಲ.

ಈ ಕೆಲಸ ಯಾರದು ಅಂತ ಚರ್ಚೆ ಆಗಲಿಲ್ಲ. ಹಿಟ್ಟು ಚೆಲ್ಲಿದ ದಿನ ಸ್ಟಿಯರಿಂಗ್ ಯಾರ ಕೈಯಲ್ಲಿತ್ತು ಅಂತ ಎಲ್ಲರಿಗೂ ನೆನಪಿತ್ತು.

ನೀರಿನ ಲೆಕ್ಕವೂ ಹಾಗೆಯೇ. ಸ್ನಾನ ಮೂರು ನಿಮಿಷ. ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆದರೆ ಅಕ್ಕ ಪಂಪಿನ ಸ್ವಿಚ್ಚನ್ನೇ ಆಫ್ ಮಾಡುತ್ತಾಳೆ. ಬಾವಿ ಇರುವ ಮನೆಯಲ್ಲಿ ಹುಟ್ಟಿದವಳು ಅವಳೂ. ಹಂಡೆಯ ಬಿಸಿನೀರು ಚೊಂಬಿನಲ್ಲಿ ಮೊಗೆದು ಸುರಿದುಕೊಳ್ಳುವ ಆಸೆಯನ್ನು ಇಲ್ಲಿ ಯಾರಿಗೂ ಹೇಳುವ ಹಾಗಿಲ್ಲ.

ಸಂಜೆ ವೈಟಾಕಿ ಕಣಿವೆಯಲ್ಲಿ ಬೆನ್ಮೋರ್ ಅಣೆಕಟ್ಟಿನ ಹತ್ತಿರ ತಂಗಿದೆವು.

ದಿನ 6, ಮಾರ್ಚ್ 12: ಓಮರು

ಕೊನೆಗೂ ಸಮುದ್ರ. ಐದು ದಿನ ಉಪ್ಪಿನ ಗಾಳಿ ಇಲ್ಲದೆ ನಮಗೆಲ್ಲ ಏನೋ ಕಳೆದುಕೊಂಡ ಹಾಗೆ ಆಗಿತ್ತು. ಓಮರುವಿನ ಹಳೆಯ ಕಟ್ಟಡಗಳೆಲ್ಲ ಅಲ್ಲಿನದೇ ಬಿಳಿ ಸುಣ್ಣಕಲ್ಲಿನವು. ಕೆಂಪುಕಲ್ಲು ನೋಡಿ ಬೆಳೆದ ಕಣ್ಣಿಗೆ ಇಡೀ ಊರು ಈಗ ತಾನೇ ಸುಣ್ಣ ಬಳಿದ ಹಾಗೆ ಕಂಡಿತು.

ಕತ್ತಲಾಗುವ ಹೊತ್ತಿಗೆ ಪೆಂಗ್ವಿನ್ ನೋಡಲು ಹೋದೆವು. ಇವು ಪೆಂಗ್ವಿನ್ ಜಾತಿಯಲ್ಲೇ ಅತಿ ಚಿಕ್ಕವು, ಒಂದು ಕಿಲೋ ತೂಕ. ಇಲ್ಲಿನ ಮೂಲನಿವಾಸಿಗಳಾದ ಮಾವೊರಿಯವರು ಕೊರೊರಾ ಅನ್ನುತ್ತಾರೆ. ಫೋಟೋ ತೆಗೆಯುವ ಹಾಗಿಲ್ಲ. ಕಾದೆವು, ಕಾದೆವು. ನೀರಿನ ಮೇಲೆ ಒಂದು ಕಪ್ಪು ಕಲೆ ಕಂಡಿತು. ಅದು ದಡಕ್ಕೆ ಬಂದಾಗ ಮೂವತ್ತೋ ನಲವತ್ತೋ ಆಯಿತು. ಒಂದು ಅಲೆ ಅವನ್ನು ಕಲ್ಲಿನ ಮೇಲೆ ಎತ್ತಿ ಹಾಕಿತು, ಇನ್ನೊಂದು ಅರ್ಧದಷ್ಟನ್ನು ವಾಪಸ್ ಎಳೆದುಕೊಂಡಿತು. ಮತ್ತೆ ಹತ್ತಿದವು. ಎಲ್ಲ ಸೇರುವವರೆಗೆ ಮೇಲೆ ಬಂದವು ನಿಂತು ಕಾದು, ಆಮೇಲೆ ಒಟ್ಟಿಗೆ ಗೂಡಿನ ಕಡೆ ಓಡಿದವು. ಮಲ್ಪೆಯಲ್ಲಿ ಬೋಟು ಬಂದಾಗ ಬುಟ್ಟಿ ಹಿಡಿದು ಓಡುವವರ ನಡಿಗೆಯೇ, ಅಲ್ವಾ, ಅಂದಳು ನನ್ನ ಹೆಂಡತಿ. ಹೌದು, ಸ್ವಲ್ಪ ಮುಂದಕ್ಕೆ ಬಾಗಿ, ಆಚೀಚೆ ತೂಗುತ್ತ, ಪುರುಸೊತ್ತಿಲ್ಲದ ಹಾಗೆ.

ದಿನ 7, ಮಾರ್ಚ್ 13: ಗುಂಡುಕಲ್ಲು

ಕ್ಯಾರವಾನ್ ಕ್ಯಾಂಪಿನಲ್ಲೇ ಬಿಟ್ಟು ಬರೀ ಕಾರಿನಲ್ಲಿ ಮೊಯೆರಾಕಿಗೆ ಹೋದೆವು. ಹಿಂದೆ ಭಾರ ಇಲ್ಲದ ಕಾರು ಓಡಿಸುವುದು ಅಂದರೆ ಶಾಲೆಗೆ ರಜೆ ಸಿಕ್ಕಿದ ಹಾಗೆ.

ಮರಳಿನ ಮೇಲೆ ಆಳೆತ್ತರದ ಕಲ್ಲಿನ ಚೆಂಡುಗಳು. ಸುಮಾರು 6 ಕೋಟಿ ವರ್ಷದ ಹಿಂದೆ ಸಮುದ್ರದಡಿಯ ಕೆಸರಿನಲ್ಲಿ ಮುತ್ತಿನ ಹಾಗೆ ಪದರ ಪದರವಾಗಿ ಬೆಳೆಯಲು ಶುರುವಾದವು. ಈಗ ಅಲೆ ದಡವನ್ನು ಕೊರೆದಾಗ ಒಂದೊಂದೇ ಹೊರಗೆ ಉರುಳುತ್ತವೆ. ಮಾವೊರಿ ಕಥೆಯಲ್ಲಿ ಇವು ಒಡೆದ ದೋಣಿಯಿಂದ ದಡಕ್ಕೆ ಬಂದ ಬುಟ್ಟಿ, ಸೋರೆಬುರುಡೆ, ಗೆಣಸು. ನಮ್ಮ ಸೈಂಟ್ ಮೇರೀಸ್ ದ್ವೀಪದ ಕಲ್ಲು ಮೂಲೆ ಮೂಲೆಯಾಗಿ ಕಂಬದ ಹಾಗೆ ನಿಂತಿದೆ, ಲಾವಾ ತಣಿದು ಬಿರುಕು ಬಿಟ್ಟದ್ದು. ಇವು ಚೆಂಡು. ನಮ್ಮದೇ ಚಂದ ಅಂತ ನಾನು ಅಂದೆ. ಭಾವ ಒಪ್ಪಲಿಲ್ಲ. ಇಪ್ಪತ್ತು ವರ್ಷ ಇಲ್ಲಿದ್ದವರು, ಏನು ಮಾಡುವುದು.

ಸಂಜೆ ಅಕ್ಕ ಮತ್ತೆ ಮಿಕ್ಸಿ ತೆಗೆದಳು. "ಉದ್ದು ಬೇಡ ಅತ್ತಿಗೆ," ಅಂದಳು ನನ್ನ ಹೆಂಡತಿ, "ಅಕ್ಕಿ ಮಾತ್ರ ಹಾಕಿ. ನೀರುದೋಸೆಗೆ ಹುಳಿ ಬರ್ಲಿಕ್ಕೆ ಎಂತ ಉಂಟು?" ಅಕ್ಕ ಅವಳನ್ನೇ ನೋಡಿದಳು. ಏಳು ದಿನ ನಾಲ್ಕು ಜನರ ತಲೆಗೆ ಇದು ಹೊಳೆದಿರಲಿಲ್ಲ. ಮೊದಲನೇ ದೋಸೆ ಹರಿಯಿತು, ಎರಡನೆಯದು ಬಂತು. 9 ಕಿಲೋ ಗ್ಯಾಸಿನ ಸಿಲಿಂಡರ್ ಮುಗಿದದ್ದು ಹದಿನೆಂಟನೆಯದಕ್ಕೆ.

ದಿನ 8, ಮಾರ್ಚ್ 14: ವಾಪಸ್

ಹೆದ್ದಾರಿ, 90ರ ವೇಗ, ಟಿಮರು, ಮತ್ತೆ ರಕಾಯಾ ಸೇತುವೆ. ಅಕ್ಕನ ಅಂಗಳಕ್ಕೆ ಕ್ಯಾರವಾನ್ ಹಿಂದಕ್ಕೆ ಹಾಕಿದ್ದು ನಾನೇ, ಕೈ ಆರು ಗಂಟೆಯಲ್ಲಿ ಇಟ್ಟು. ಮೂರು ಸಲಕ್ಕೆ ಆಯಿತು. ನೋಡಲು ಕುರ್ಚಿಯಲ್ಲಿ ಯಾರೂ ಇರಲಿಲ್ಲ ಅಂತ ಸ್ವಲ್ಪ ಬೇಜಾರು.

ಊರಿಗೆ

ಮುಂದಿನ ವಾರ ಬಜಪೆಯಲ್ಲಿ ಇಳಿದು ಟ್ಯಾಕ್ಸಿ ಹಿಡಿದೆವು. ಉದ್ಯಾವರದ ನಮ್ಮ ಓಣಿಯ ಬಾಯಿಗೆ ಬಂದಾಗ ಎದುರಿಗೆ ಬೈಹುಲ್ಲು ತುಂಬಿದ ಟಿಲ್ಲರ್. ಓಡಿಸುತ್ತಿದ್ದ ಹುಡುಗನಿಗೆ ಇಪ್ಪತ್ತು ವರ್ಷ ಇರಬಹುದು. ಟ್ಯಾಕ್ಸಿ ನೋಡಿದ, ಹಿಂದೆ ಒಮ್ಮೆ ತಿರುಗಿದ, ಕಿವಿಯಲ್ಲಿದ್ದ ಮೊಬೈಲನ್ನು ಭುಜದಿಂದ ಒತ್ತಿ ಹಿಡಿದ. ಟ್ರೈಲರ್ ಎರಡು ಕಾಂಪೌಂಡುಗಳ ನಡುವಿನ ಸಂದಿಯಲ್ಲಿ ಸೀದಾ ಹಿಂದೆ ಹೋಗಿ, ನಮ್ಮ ಗೇಟಿನ ಪಕ್ಕ ತಿರುಗಿ, ಗೋಡೆಗೆ ಒಂದು ಗೇಣು ಬಿಟ್ಟು ನಿಂತಿತು. ಒಂದೇ ಸಲಕ್ಕೆ. ಫೋನಿನ ಮಾತು ನಿಲ್ಲಲಿಲ್ಲ.

ನಾನು ಟ್ಯಾಕ್ಸಿಯಿಂದ ಇಳಿದು ಅವನ ಕೈಯನ್ನೇ ನೋಡುತ್ತ ನಿಂತಿದ್ದೆ.

"ಎಂತ ನೋಡುವುದು ಮಾರಾಯ್ರೆ," ಅಂದಳು ನನ್ನ ಹೆಂಡತಿ, "ಬೀಗದ ಕೈ ನಿಮ್ಮ ಹತ್ರ ಉಂಟು. ಬಾಗಿಲು ತೆಗೀರಿ."